ಪತ್ತು ತಂದೆಯದು, ಓದು ಮಗಳದು

ಪತ್ತು ಎಂಬುದು ನಮ್ಮ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದ ಮಾತು. ಪೇಟೆಯಲ್ಲಿ ಒಬ್ಬನಿಗೆ ಪತ್ತು ಇದೆ ಎಂದರೆ ಅವನ ಮಾತಿಗೆ ಬೆಲೆಯಿದೆ, ಅವನಿಗೆ ಉದ್ರಿ ಕೊಟ್ಟರೆ ಮುಳುಗುವುದಿಲ್ಲ ಎಂದು ಅರ್ಥ. ಹಳ್ಳಿಗಳ ಸಹಕಾರ ಸಂಘಗಳಿಗೆ ‘ಪತ್ತಿನ ಸಂಘ’ವೆಂಬ ಹೆಸರು ಬಂದುದು ಈ ಮಾತಿನಿಂದಲೇ. ಈಗ ಆ ಪತ್ತು ಮೂರಂಕಿಯ ಒಂದು ಸಂಖ್ಯೆಯಾಗಿದೆ. 300ರಿಂದ 900ರವರೆಗೆ ಏರಿಳಿಯುವ ಆ ಸಂಖ್ಯೆಯನ್ನು ಜನರು ‘ಸಿಬಿಲ್’ ಎಂದೇ ಕರೆಯುತ್ತಾರೆ. ಟ್ರ್ಯಾಕ್ಟರ್ ಕೊಳ್ಳುವವನಿಗೂ ಮನೆ ಕಟ್ಟುವವನಿಗೂ ಬ್ಯಾಂಕು ಆ ಸಂಖ್ಯೆಯನ್ನು ಕೇಳುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಮಗಳ ಓದಿಗೆ ಸಾಲ ಕೇಳಲು ಹೋದ ತಂದೆಗೂ ಅದೇ ಸಂಖ್ಯೆಯನ್ನು ತೋರಿಸಿ ಮಾತು ಮುಗಿಸುವುದು ಸರಿಯೇ? ಈ ವಾರ ನಾವು ಓದುಗರ ಮುಂದಿಡುವ ಪ್ರಶ್ನೆ ಇದು.

ಕಳೆದ ಮಳೆಗಾಲದ ಒಂದು ಸಂಜೆ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಧರ್ಮಕೇಂದ್ರದ ಕಚೇರಿಗೆ ಬಂದರು. ಹುಡುಗಿಗೆ ಬಿ.ಎಸ್‌ಸಿ. ನರ್ಸಿಂಗ್ ಸೀಟು ದೊರೆತಿತ್ತು. ಶುಲ್ಕ ಕಟ್ಟಲು ಒಂಬತ್ತು ದಿನಗಳಿದ್ದವು. ನಾಲ್ಕು ವರ್ಷಗಳಿಗೆ ಅವರು ಕೇಳಿದ್ದ ಸಾಲ ನಾಲ್ಕು ಲಕ್ಷ ರೂಪಾಯಿಗಿಂತ ಸ್ವಲ್ಪ ಕಡಿಮೆ. ಬ್ಯಾಂಕಿನಲ್ಲಿ ಹುಡುಗಿಯ ಅಂಕಪಟ್ಟಿಯನ್ನು ನೋಡಿ ಮೆಚ್ಚಿಕೊಂಡರಂತೆ. ಆಮೇಲೆ ತಂದೆಯ ಆಧಾರ್ ಕಾರ್ಡ್ ಕೇಳಿ, ಕಂಪ್ಯೂಟರ್ ನೋಡಿ, 611 ಎಂದರಂತೆ. ಬರವಣಿಗೆಯಲ್ಲಿ ಏನನ್ನೂ ಕೊಡಲಿಲ್ಲ. “ಫಾದರ್, ನಾ ಯಾರ ರೊಕ್ಕಾನೂ ಮುಳಗಿಸಿಲ್ರಿ. ಇದು ಯಾವ ಪರೀಕ್ಷಾದ ಮಾರ್ಕ್ಸ್ ರಿ, ನಾ ಯಾವಾಗ ಬರದೆ?” ಎಂದು ಆ ಹಿರಿಯರು ಕೇಳಿದಾಗ ನಮ್ಮ ಬಳಿ ಸಿದ್ಧ ಉತ್ತರವಿರಲಿಲ್ಲ. ಅವರ ವರದಿಯನ್ನು ತರಿಸಿ ಓದಿದ ಮೇಲೆ ಉತ್ತರ ಸಿಕ್ಕಿತು. 2023ರ ಬರಗಾಲದಲ್ಲಿ ಕೊಳವೆಬಾವಿ ಬತ್ತಿತ್ತು. ಬಳ್ಳಿಗಳನ್ನು ಬದುಕಿಸಿಕೊಳ್ಳಲು ಟ್ಯಾಂಕರ್ ನೀರಿಗೆ ಹಣ ಸುರಿದು, ಬ್ಯಾಂಕಿನ ಕಂತುಗಳನ್ನು ತಡಮಾಡಿ ಕಟ್ಟಿದ್ದರು. ಅದಕ್ಕೂ ಮೊದಲು ಹೆಂಡತಿಯ ತಮ್ಮನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ನಿಂತಿದ್ದರು, ಆತ ಸುಸ್ತಿದಾರನಾಗಿದ್ದ. ಜಾಮೀನುದಾರನ ಹಾಳೆಯ ಮೇಲೂ ಆ ಕಟಬಾಕಿ ಮೂಡುತ್ತದೆಂಬ ಸಂಗತಿ ಇವರಿಗೆ ಗೊತ್ತೇ ಇರಲಿಲ್ಲ.

ಈ ಸಂಖ್ಯೆ ಹುಟ್ಟುವ ಬಗೆಯನ್ನು ಸ್ವಲ್ಪ ತಿಳಿಯಬೇಕು. ಸಿಬಿಲ್ ಸಂಸ್ಥೆ 2000ದಲ್ಲಿ ಆರಂಭವಾಯಿತು. 2005ರಲ್ಲಿ ಇಂಥ ಸಂಸ್ಥೆಗಳಿಗಾಗಿ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ಈಗ ದೇಶದಲ್ಲಿ ಇಂಥ ನಾಲ್ಕು ಸಂಸ್ಥೆಗಳಿವೆ. ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ತಮ್ಮ ಸಾಲಗಾರರ ಲೆಕ್ಕವನ್ನು ಅಲ್ಲಿಗೆ ಕಳುಹಿಸುತ್ತವೆ. ಕಳೆದ 36 ತಿಂಗಳುಗಳಲ್ಲಿ ಯಾವ ತಿಂಗಳ ಕಂತು ಎಷ್ಟು ದಿನ ತಡವಾಯಿತು ಎಂಬುದು ಸಾಲುಸಾಲಾಗಿ ಅಚ್ಚಾಗುತ್ತದೆ. ಸಿಬಿಲ್ ತನ್ನ ವರದಿಗಳಲ್ಲಿ ಸಾಲಗಾರರನ್ನು ಐದು ಮೆಟ್ಟಿಲುಗಳಲ್ಲಿ ನಿಲ್ಲಿಸುತ್ತದೆ: 680ರವರೆಗೆ ಕೆಳಗಿನ ಮೆಟ್ಟಿಲು, 681ರಿಂದ 730 ಅದರ ಮೇಲಿನದು, 731ರಿಂದ 770 ಉತ್ತಮ, 790ರವರೆಗೆ ಇನ್ನೂ ಉತ್ತಮ, 791ರಿಂದ ಮೇಲಿನವರು ಅತ್ಯುತ್ತಮರು. ಮೇಲಿನ ಮೆಟ್ಟಿಲಿನವರನ್ನು ಸಾಲ ತಾನೇ ಮನೆಗೆ ಹುಡುಕಿಕೊಂಡು ಬರುತ್ತದೆ, ದೂರವಾಣಿಯಲ್ಲಿ ದಿನಕ್ಕೆ ಮೂರು ಬಾರಿ. ಕೆಳಗಿನವರು ಅರ್ಜಿ ಹಿಡಿದು ಸುತ್ತುತ್ತಾರೆ.

ಇಲ್ಲಿ ನಮ್ಮ ಜಿಲ್ಲೆಯ ರೈತನಿಗೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಮೊದಲನೆಯದಾಗಿ, ಅವನ ಆದಾಯ ತಿಂಗಳ ಸಂಬಳವಲ್ಲ. ಅಕ್ಟೋಬರ್ ಚಾಟ್ನಿಯಿಂದ ಹಿಡಿದು ಫೆಬ್ರುವರಿ, ಮಾರ್ಚಿನಲ್ಲಿ ಗೊನೆ ಇಳಿಸುವವರೆಗೆ ಖರ್ಚು ಮಾತ್ರ. ಒಣದ್ರಾಕ್ಷಿ ಮಾಡಿದವನು ದರ ಏರಲೆಂದು ಮಾಲನ್ನು ಶೀತಲಗೃಹದಲ್ಲಿಟ್ಟು ಕಾಯುತ್ತಾನೆ. ಇಲ್ಲವೆ ಗಡಿಯಾಚೆ ಸಾಂಗ್ಲಿ, ತಾಸಗಾಂವದ ಪೇಟೆಗೆ ಕಳುಹಿಸಿ ಹಣಕ್ಕೆ ಎದುರುನೋಡುತ್ತಾನೆ. ಕಾಯುವುದು ಅವನ ಪಾಲಿಗೆ ಜಾಣತನ. ಅಷ್ಟರಲ್ಲಿ ಬ್ಯಾಂಕಿನ ದಿನಾಂಕ ದಾಟಿತೆಂದರೆ, ಅದೇ ಜಾಣತನ ಹಾಳೆಯ ಮೇಲೆ ಸುಸ್ತಿಯಾಗಿ ಕಾಣುತ್ತದೆ. ಮಳೆ ಬಾರದ ವರ್ಷದ ಬಾಕಿಯನ್ನು ಆಕಾಶದ ಹೆಸರಿನಲ್ಲಿ ಬರೆಯಲು ಆ ಹಾಳೆಯಲ್ಲಿ ಸ್ಥಳವಿಲ್ಲ. ಅದು ರೈತನ ನಡತೆಯ ಲೆಕ್ಕಕ್ಕೇ ಹೋಗುತ್ತದೆ. ಕೃಷ್ಣೆಯ ನೀರು ಏತ ನೀರಾವರಿಯಿಂದ ಬಬಲೇಶ್ವರ, ತಿಕೋಟಾ ಭಾಗದ ಕೆರೆಗಳಿಗೆ ಹರಿದ ಮೇಲೆ ಪರಿಸ್ಥಿತಿ ಬಹಳ ಸುಧಾರಿಸಿದೆಯೆಂಬುದು ನಿಜ. ಎಲ್ಲ ಹೊಲಕ್ಕೂ ಆ ಭಾಗ್ಯ ಬಂದಿಲ್ಲ.

ಎರಡನೆಯದು ಇನ್ನೂ ವಿಚಿತ್ರ. ಬಬಲೇಶ್ವರದ ಒಬ್ಬ ಒಕ್ಕಲಿಗ ಊರಿನ ಪ್ರಾಥಮಿಕ ಪತ್ತಿನ ಸಂಘದ ಸಾಲವನ್ನು ಮೂವತ್ತು ವರ್ಷ ಒಂದು ದಿನವೂ ತಪ್ಪದೆ ತೀರಿಸಿರಬಹುದು. ಸಹಕಾರಿ ಬ್ಯಾಂಕುಗಳು ಆ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಆದರೆ ಊರ ಪತ್ತಿನ ಸಂಘಗಳ ಲೆಕ್ಕ ಸಾಮಾನ್ಯವಾಗಿ ಆ ಹಾಳೆಗೆ ಸೇರುವುದಿಲ್ಲ. ಪತ್ತಿನ ಸಂಘದಲ್ಲಿ ಗಳಿಸಿದ ಪತ್ತಿಗೆ ಪತ್ತಿನ ಲೆಕ್ಕದಲ್ಲಿ ಸ್ಥಾನವಿಲ್ಲ! ಅತ್ತ ಅವನ ಹೆಂಡತಿ ಗುಂಪಿನಲ್ಲಿ ಪಡೆದ ಕಿರುಸಾಲದ ಒಂದು ವಾರದ ತಡ ಮಾತ್ರ ತಪ್ಪದೆ ದಾಖಲಾಗುತ್ತದೆ.

ಇಷ್ಟಾದರೂ ಇದು ಕೇವಲ ಅನ್ಯಾಯದ ಮಾತಲ್ಲ, ತರ್ಕದ ಮಾತೂ ಹೌದು. ನಿನ್ನೆಯವರೆಗೆ ಸೂರ್ಯ ಮೂಡಿದ್ದರಿಂದ ನಾಳೆಯೂ ಮೂಡುವನೆಂದು ಹೇಳಲು ಬುದ್ಧಿಗೆ ಯಾವ ಆಧಾರವಿದೆ ಎಂದು ಹದಿನೆಂಟನೆಯ ಶತಮಾನದಲ್ಲಿ ಡೇವಿಡ್ ಹ್ಯೂಮ್ ಕೇಳಿದ. ಗುರುವಿದ್ಯಾಮಂದಿರದಲ್ಲಿ ನಾವು ಆ ಪ್ರಶ್ನೆಯೊಂದಿಗೆ ಒಂದು ವರ್ಷವೇ ಸೆಣಸಾಡಿದ್ದುಂಟು. ನಿತ್ಯದ ಬದುಕು ಅದಕ್ಕೆ ಕಾಯುವುದಿಲ್ಲ. ಒಬ್ಬನ ನಿನ್ನೆಯ ನಡತೆಯಿಂದ ಅವನ ನಾಳೆಯನ್ನು ಊಹಿಸಿ ಸಾಲ ಕೊಡುವುದು ಲೋಕರೂಢಿ, ಬಹುಪಾಲು ಸಫಲವಾಗುವ ರೂಢಿ. ಶಿಕ್ಷಣ ಸಾಲದಲ್ಲಾದರೋ ನಿನ್ನೆ ಒಬ್ಬರದು, ನಾಳೆ ಮತ್ತೊಬ್ಬರದು. ಓದು ಮುಗಿದ ಒಂದು ವರ್ಷದ ನಂತರ, 15 ವರ್ಷಗಳ ಅವಧಿಯಲ್ಲಿ ಆ ಸಾಲವನ್ನು ತೀರಿಸಬೇಕಾದವಳು ಮಗಳು, ತನ್ನ ಸಂಬಳದಿಂದ. ತಂದೆ ಎಡವಿದ್ದಾನೆ, ಆದ್ದರಿಂದ ಮಗಳು ಬೀಳುವಳು ಎಂಬ ವಾದಕ್ಕೆ ಹ್ಯೂಮ್ ಮಹಾಶಯನ ಅಗತ್ಯವೂ ಇಲ್ಲ. ಒಂದನೆಯ ವರ್ಷದ ತರ್ಕಶಾಸ್ತ್ರವೇ ಅದನ್ನು ಒಪ್ಪದು.

ಕೇರಳದ ಉಚ್ಚ ನ್ಯಾಯಾಲಯ ಇದೇ ಮಾತನ್ನು ಕಾನೂನಿನ ಭಾಷೆಯಲ್ಲಿ ಹೇಳಿದೆ. ತಂದೆತಾಯಿಯ ಅಂಕ ತೃಪ್ತಿಕರವಲ್ಲವೆಂಬುದು ಶಿಕ್ಷಣ ಸಾಲವನ್ನು ನಿರಾಕರಿಸಲು ಕಾರಣವಾಗದು, ತೀರಿಸುವ ಶಕ್ತಿಯನ್ನು ಓದು ಮುಗಿಸಿದ ವಿದ್ಯಾರ್ಥಿಯ ಉದ್ಯೋಗದ ಸಾಧ್ಯತೆಯಿಂದ ಅಳೆಯಬೇಕು ಎಂದು 2020ರಲ್ಲಿ ಅದು ತೀರ್ಪಿತ್ತಿತು. 2023ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಪಿ.ವಿ. ಕುಂಞಿಕೃಷ್ಣನ್ ಅವರು ಇನ್ನೊಂದು ಪ್ರಕರಣದಲ್ಲಿ, ವಿದ್ಯಾರ್ಥಿಯ ಸ್ವಂತ ಅಂಕವೇ ಕಡಿಮೆಯಿದ್ದರೂ ಅದೊಂದರಿಂದಲೇ ಅರ್ಜಿಯನ್ನು ತಳ್ಳಿಹಾಕಲಾಗದೆಂದರು. ನೆರೆರಾಜ್ಯದ ತೀರ್ಪು ನಮ್ಮ ರಾಜ್ಯದ ಬ್ಯಾಂಕುಗಳ ಕೈ ಕಟ್ಟುವುದಿಲ್ಲ. ಅದರ ಕಾರಣಗಳು ಮಾತ್ರ ಗಡಿಗೆ ಸೀಮಿತವಾದವುಗಳಲ್ಲ.

ಬ್ಯಾಂಕುಗಳು ಈ ವಿಷಯದಲ್ಲಿ ಒಂಟಿಯೂ ಅಲ್ಲ. ಭಾರತೀಯ ಬ್ಯಾಂಕುಗಳ ಸಂಘವು 2001ರಲ್ಲಿ ರೂಪಿಸಿದ ಮಾದರಿ ಯೋಜನೆಯಂತೆ 4 ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ಒತ್ತೆಯನ್ನು ಕೇಳುವಂತಿಲ್ಲ. ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಹಾಕಿದರೆ ಸಾಕು. 2015ರಲ್ಲಿ ಬಂದ ಕೇಂದ್ರ ಸರ್ಕಾರದ ಖಾತರಿ ನಿಧಿಯು ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲ ಮುಳುಗಿದರೆ ಬಾಕಿಯ ಶೇಕಡಾ 75ರಷ್ಟನ್ನು ಬ್ಯಾಂಕಿಗೆ ತುಂಬಿಕೊಡುತ್ತದೆ. ರೂಪಾಯಿಯಲ್ಲಿ ಹನ್ನೆರಡಾಣೆಯ ಹೊಣೆಯನ್ನು ಸರ್ಕಾರ ಹೊತ್ತ ಮೇಲೂ ಉಳಿದ ನಾಲ್ಕಾಣೆಗಾಗಿ ರೈತನ ಬರಗಾಲದ ಹಾಳೆಯನ್ನು ತೆರೆದು ನೋಡುವುದೇಕೆ? 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆ ಒತ್ತೆಯನ್ನೂ ಜಾಮೀನನ್ನೂ ಕೇಳುವುದಿಲ್ಲವೆನ್ನುತ್ತದೆ. ಅದು ಶ್ರೇಯಾಂಕದ ಆಧಾರದಿಂದ ಆಯ್ದ ಸುಮಾರು 860 ಸಂಸ್ಥೆಗಳಿಗೆ ಮಾತ್ರ. ಅಲ್ಲಿ ತಂದೆಯ ಅಂಕದ ಜೊತೆಗೆ ಕಾಲೇಜಿನ ಅಂಕವೂ ಬಂತು. ಐಐಟಿಗೆ ಹೋಗುವ ಹುಡುಗನಿಗೆ ಬಾಗಿಲು ಅಗಲ. ಜಿಲ್ಲೆಯ ಸಣ್ಣ ನರ್ಸಿಂಗ್ ಕಾಲೇಜಿಗೆ ಹೋಗುವ ಹುಡುಗಿಗೆ ಇಕ್ಕಟ್ಟು.

ಸಾಲದ ಇತಿಹಾಸವೇ ಇಲ್ಲದವರ ವಿಷಯದಲ್ಲಿ ಸ್ವಲ್ಪ ಬೆಳಕು ಕಾಣಿಸಿದೆ. ರಿಸರ್ವ್ ಬ್ಯಾಂಕು ಸಾಲಕ್ಕೆ ಕನಿಷ್ಠ ಅಂಕವೆಂದು ಯಾವುದನ್ನೂ ಗೊತ್ತುಪಡಿಸಿಲ್ಲ. ಮೊದಲ ಬಾರಿಗೆ ಸಾಲ ಕೇಳುವವರ ಅರ್ಜಿಯನ್ನು ಇತಿಹಾಸವಿಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ಅದರ 2025ರ ಜನವರಿಯ ನಿರ್ದೇಶನವಿದೆ. ಅದೇ ವರ್ಷದ ಮುಂಗಾರು ಅಧಿವೇಶನದಲ್ಲಿ ಹಣಕಾಸು ರಾಜ್ಯ ಸಚಿವರು ಇದನ್ನು ಲೋಕಸಭೆಗೂ ತಿಳಿಸಿದರು. ಹದಿನೆಂಟರ ಹುಡುಗಿಗೆ ಇದರಿಂದ ರಕ್ಷಣೆ ಸಿಕ್ಕಿತು. ಆದರೆ ಆಕೆಯೊಡನೆ ಸಹಿ ಹಾಕಬೇಕಾದ ತಂದೆಗೆ ಇತಿಹಾಸವಿದೆಯಲ್ಲ! ಏನೂ ಇಲ್ಲದವಳಿಗೆ ಮಾಫಿ, ಕಷ್ಟಪಟ್ಟು ಸಾಲ ತೀರಿಸಿದವನಿಗೆ ಶಿಕ್ಷೆ ಎಂಬಂತಾಗಿದೆ. ನಿಯಮದ ಈ ಬಿರುಕನ್ನು ಮುಚ್ಚಬೇಕೆಂಬುದು ನಮ್ಮ ಮುಖ್ಯ ಒತ್ತಾಯ. ಖಾತರಿ ನಿಧಿಯ ವ್ಯಾಪ್ತಿಯೊಳಗಿನ ಶಿಕ್ಷಣ ಸಾಲಗಳಲ್ಲಿ ಸಹ-ಸಾಲಗಾರನ ಅಂಕವೊಂದೇ ನಿರಾಕರಣೆಗೆ ಕಾರಣವಾಗಕೂಡದು. ಅಂಕ ಏಕೆ ಇಳಿಯಿತೆಂದು ಕೇಳಿ ಬರೆದುಕೊಳ್ಳಬೇಕು.

ಬ್ಯಾಂಕಿನವರ ಮಾತನ್ನೂ ಕೇಳದೆ ತೀರ್ಪು ಕೊಡುವುದು ಧರ್ಮವಲ್ಲ. ಅವರು ಕೊಡುವ ಹಣ ಅವರದಲ್ಲ. ನಿವೃತ್ತ ಶಿಕ್ಷಕರದು, ವಿಧವೆಯರದು, ನಮ್ಮ ನಿಮ್ಮ ಠೇವಣಿಯದು. ಸಾಲ ಮುಳುಗಿದರೆ ಸಹಿ ಮಾಡಿದ ಅಧಿಕಾರಿ ತನಿಖೆಗೆ ನಿಲ್ಲಬೇಕಾಗುತ್ತದೆ. ಅಂಕ ನೋಡಿ ಇಲ್ಲವೆಂದವನನ್ನು ಯಾರೂ ಪ್ರಶ್ನಿಸುವುದಿಲ್ಲ. ಹೀಗಿರುವಾಗ ಅವನು ಇಲ್ಲವೆನ್ನುವುದೇ ಸಹಜ. ಸಾರ್ವಜನಿಕ ವಲಯದ ಬ್ಯಾಂಕುಗಳಲ್ಲಿ ವಸೂಲಾಗದ ಶಿಕ್ಷಣ ಸಾಲಗಳ ಪ್ರಮಾಣ 2020–21ರಲ್ಲಿ ಶೇಕಡಾ 7ರಷ್ಟಿದ್ದುದು 2024–25ಕ್ಕೆ ಶೇಕಡಾ 2ಕ್ಕೆ ಇಳಿಯಿತು. ಇದು ಸಂತೋಷದ ಸುದ್ದಿಯೇ. ಆದರೂ ನಮಗೊಂದು ಸಂದೇಹ. ಮೇಲಿನ ಮೆಟ್ಟಿಲಿನ ಮನೆಗಳನ್ನೇ ಆರಿಸಿ ಸಾಲ ಕೊಟ್ಟರೂ ಈ ಪ್ರಮಾಣ ಇಳಿಯುತ್ತದೆ. ಪ್ರವೇಶ ಪರೀಕ್ಷೆಯಲ್ಲಿ ಬುದ್ಧಿವಂತರನ್ನಷ್ಟೇ ಸೇರಿಸಿಕೊಂಡ ಶಾಲೆ ನೂರಕ್ಕೆ ನೂರು ಫಲಿತಾಂಶವೆಂದು ಹೆಮ್ಮೆಪಟ್ಟಂತೆ. ಶಿಕ್ಷಣ ಸಾಲಗಳ ಒಟ್ಟು ಬಾಕಿ 2024ರ ಹೊತ್ತಿಗೆ ಒಂದು ಲಕ್ಷ ಕೋಟಿ ರೂಪಾಯಿಯನ್ನು ದಾಟಿತ್ತು. ಅದರಲ್ಲಿ 680ರ ಕೆಳಗಿನ ಮನೆಗಳ ಪಾಲೆಷ್ಟು, ಜಿಲ್ಲಾವಾರು ತಿರಸ್ಕೃತ ಅರ್ಜಿಗಳೆಷ್ಟು ಎಂಬುದನ್ನು ಪ್ರಕಟಿಸಿದರೆ ನಮ್ಮ ಸಂದೇಹ ತಾನಾಗಿ ನಿವಾರಣೆಯಾದೀತು, ಇಲ್ಲವೆ ದೃಢಪಟ್ಟೀತು.

ಅಂಕವನ್ನೇ ನೋಡದೆ ಎಲ್ಲರಿಗೂ ಕೊಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ. ಅಮೆರಿಕದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರವೇ ಅಂಕ ಕೇಳದೆ ಸಾಲ ಕೊಡುತ್ತದೆ. ಕೋವಿಡ್ ಕಾಲದಲ್ಲಿ ತಡೆಹಿಡಿದಿದ್ದ ವಸೂಲಿ 2023ರಲ್ಲಿ ಮತ್ತೆ ಆರಂಭವಾಯಿತು. ತಡವಾದ ಕಂತುಗಳನ್ನು ವರದಿ ಮಾಡತೊಡಗಿದ ಮೇಲೆ 2025ರ ಆರಂಭದಲ್ಲಿ ಲಕ್ಷಾಂತರ ಮಂದಿಯ ಅಂಕ ಒಮ್ಮೆಲೇ ಕುಸಿಯಿತು. ಅಲ್ಲಿ ಸಾಲ ಸುಲಭವಾಗಿ ಸಿಕ್ಕಿತು. ಮೊದಲ ದಿನ ತಡೆಯದ ಅಂಕ ಹತ್ತು ವರ್ಷಗಳ ಅನಂತರ ಮನೆ ಕೊಳ್ಳುವಾಗ ಬಂದು ತಡೆಯಿತು.

ನಡುವಿನ ದಾರಿಯನ್ನು ನಮ್ಮ ಊರೇ ಒಂದು ಕಾಲದಲ್ಲಿ ಕಂಡಿತ್ತು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಪಾಯ ಹಾಕಿದ ಫ.ಗು. ಹಳಕಟ್ಟಿಯವರೇ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಮುಂದಾದರು. ಶಾಲೆ ಕಟ್ಟಿದ ಕೈಯೇ ಬ್ಯಾಂಕನ್ನೂ ಕಟ್ಟಿದ್ದು ಆಕಸ್ಮಿಕವೆಂದು ನಮಗನ್ನಿಸುವುದಿಲ್ಲ. ಅದೇ 1912ರಲ್ಲಿ ಮಂಗಳೂರಿನ ಕಥೋಲಿಕ ಹಿರಿಯರೂ ತಮ್ಮ ಸಹಕಾರಿ ಬ್ಯಾಂಕನ್ನು ಆರಂಭಿಸಿದರು. ಕೊಡುವವನಿಗೂ ಪಡೆಯುವವನಿಗೂ ಮುಖಪರಿಚಯವಿದ್ದ ಕಾಲ ಅದು. ಮುಖಪರಿಚಯದಲ್ಲಿ ಪಕ್ಷಪಾತವೂ ಇತ್ತು, ಜಾತಿಯೂ ಇತ್ತು, ಬಡವನನ್ನು ಹೊರಗೆ ಕೂರಿಸುವ ದರ್ಪವೂ ಇತ್ತು. ಆ ದೃಷ್ಟಿಯಿಂದ ಕಂಪ್ಯೂಟರಿನ ಅಂಕ ಹೆಚ್ಚು ನಿಷ್ಪಕ್ಷಪಾತಿಯೆಂದು ಒಪ್ಪಲೇಬೇಕು. ಆದರೆ ಬಾವಿ ಬತ್ತಿದ ಸಂಗತಿ ಮುಖ ನೋಡಿದವನಿಗೆ ತಿಳಿಯುತ್ತಿತ್ತು. 1983ರಲ್ಲಿ ಹುಟ್ಟಿದ ಬಿಜಾಪುರ ಗ್ರಾಮೀಣ ಬ್ಯಾಂಕು 2005ರಲ್ಲಿ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಅದು 2025ರ ಮೇ ತಿಂಗಳಲ್ಲಿ ಬಳ್ಳಾರಿಯ ಪ್ರಧಾನ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು. ಬ್ಯಾಂಕು ದೊಡ್ಡದಾದಂತೆ ಬಲವೂ ಹೆಚ್ಚುತ್ತದೆ, ನಿರ್ಧಾರ ಕೈಗೊಳ್ಳುವ ಕುರ್ಚಿಯೂ ಹಳ್ಳಿಯಿಂದ ದೂರ ಸರಿಯುತ್ತದೆ.

ಇನ್ನು ನಮ್ಮ ಮನೆಗಳ ಮಾತು. ಬೆಂಗಳೂರಿನಲ್ಲೋ ಪುಣೆಯಲ್ಲೋ ಕೆಲಸ ಸಿಕ್ಕಿದೊಡನೆ ದೂರವಾಣಿ ಸಂಖ್ಯೆಯನ್ನು ಬದಲಿಸಿ, ಬ್ಯಾಂಕಿನ ನೋಟೀಸನ್ನು ಊರಿನ ತಂದೆಯ ಕೈಗೆ ಬಿಟ್ಟ ಮಕ್ಕಳು ನಮ್ಮಲ್ಲಿಯೂ ಇದ್ದಾರೆ. ಅಂಥ ಒಬ್ಬನಿಂದ ಆ ಶಾಖೆಯಲ್ಲಿ ಮುಂದಿನ ಹತ್ತು ಮಕ್ಕಳಿಗೆ ತೊಂದರೆ. ಸಾಲಮನ್ನಾ ಬಂದೀತೆಂದು ಕಾದು, ಕೈಯಲ್ಲಿ ಹಣವಿದ್ದೂ ಕಂತನ್ನು ನಿಲ್ಲಿಸಿದವರನ್ನೂ 2018ರಲ್ಲಿ ಕಂಡಿದ್ದೇವೆ. ಮನ್ನಾ ಆಗುವುದು ಸಾಲ, ತಡವಾದ ತಿಂಗಳುಗಳಲ್ಲ. ಬ್ಯಾಂಕಿನೊಡನೆ ಮಾತಾಡಿ ಕಡಿಮೆ ಹಣಕ್ಕೆ ಸಾಲ ಚುಕ್ತಾ ಮಾಡಿಕೊಂಡವರು, ವರದಿಯಲ್ಲಿ ಅದು ‘ಮುಕ್ತಾಯ’ವೆಂದಲ್ಲ, ‘ರಾಜಿ’ಯೆಂದು ದಾಖಲಾಗುತ್ತದೆಂಬುದನ್ನು ಅರಿಯಬೇಕು. ಕೈಲಾದಾಗ ಉಳಿದ ಹಣವನ್ನು ಕಟ್ಟಿ ಬೇಬಾಕಿ ಪತ್ರವನ್ನು ಪಡೆದು ಆ ಮಾತನ್ನು ತಿದ್ದಿಸಿಕೊಳ್ಳಲು ಅವಕಾಶವಿದೆ. ಜಾಮೀನಿನ ಸಹಿಯನ್ನು ಮದುವೆಯ ಮುಯ್ಯಿಯಂತೆ ಸಂಕೋಚಕ್ಕೆ ಹಾಕುವ ರೂಢಿಯನ್ನು ಇನ್ನಾದರೂ ಬಿಡಬೇಕು.

ಮಕ್ಕಳು ಪಿಯುಸಿ ಎರಡನೆಯ ವರ್ಷದಲ್ಲಿರುವಾಗಲೇ, ಜನವರಿಯಲ್ಲಿ, ತಂದೆತಾಯಿ ತಮ್ಮ ವರದಿಯನ್ನು ತರಿಸಿ ನೋಡಬೇಕು. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ತೀರಿಸಿದ ಸಾಲ ಬಾಕಿಯೆಂದೋ, ಬೇರೊಬ್ಬರ ಸಾಲ ನಮ್ಮ ಹೆಸರಿನಲ್ಲೋ ಕಂಡುಬಂದರೆ ದೂರು ಕೊಡಬಹುದು. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಿಗಬೇಕು. ಸೀಟು ದೊರೆತ ಮೇಲೆ, ಜುಲೈ ತಿಂಗಳಲ್ಲಿ ಓಡಾಡಿದರೆ ಆ 30 ದಿನಗಳು ನಮ್ಮ ಕೈಯಲ್ಲಿರುವುದಿಲ್ಲ. ಬ್ಯಾಂಕು ಇಲ್ಲವೆಂದರೆ ಕಾರಣವನ್ನು ಬರವಣಿಗೆಯಲ್ಲಿ ವಿನಯದಿಂದಲೇ ಕೇಳಿರಿ. ಮೇಲಧಿಕಾರಿಯ ಸಮ್ಮತಿಯಿಲ್ಲದೆ ಶಿಕ್ಷಣ ಸಾಲದ ಅರ್ಜಿಯನ್ನು ತಿರಸ್ಕರಿಸಬಾರದೆಂದು ಮಾದರಿ ಯೋಜನೆಯಲ್ಲಿಯೇ ಇದೆ. ನಿಮ್ಮ ಮನೆ ಆ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂಬ ನೆಪವನ್ನು ರಿಸರ್ವ್ ಬ್ಯಾಂಕು 2012ರಲ್ಲಿಯೇ ತೆಗೆದುಹಾಕಿದೆ. ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು ವೃತ್ತಿಪರ ಶಿಕ್ಷಣಕ್ಕೆ ಸೇರಿದವರಿಗೆ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ 2009ರಿಂದಲೂ ಇದೆ. ಕೇಳದವರಿಗೆ ಅದನ್ನು ಯಾರೂ ಕರೆದು ಕೊಡುವುದಿಲ್ಲ. ಸಿಇಟಿ, ನೀಟ್ ಮೂಲಕ ಸೀಟು ಪಡೆದ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ರಾಜ್ಯದ ‘ಅರಿವು’ ಸಾಲ ಶೇಕಡಾ 2ರ ಸೇವಾಶುಲ್ಕದಲ್ಲಿ ದೊರೆಯುತ್ತದೆ. ನಮ್ಮ ಕುಟುಂಬಗಳು ಅದನ್ನು ಮರೆಯುವುದೇ ಹೆಚ್ಚು.

ಆ ಹುಡುಗಿಯ ಮೊದಲ ವರ್ಷದ ಶುಲ್ಕವನ್ನು ಎಂಟನೆಯ ದಿನ ಕಟ್ಟಲಾಯಿತು. ತಾಯಿ ತನ್ನ ಬೋರಮಾಳವನ್ನು ಒತ್ತೆಯಿಟ್ಟಳು. ಬಂಗಾರದ ಸಾಲ ಅರ್ಧ ಗಂಟೆಯಲ್ಲಿ ಆಯಿತಂತೆ. ಯಾರೂ ಯಾವ ಅಂಕವನ್ನೂ ಕೇಳಲಿಲ್ಲ. ಭಾವಮೈದುನನ ಟ್ರ್ಯಾಕ್ಟರ್ ಸಾಲವನ್ನು ಇಬ್ಬರೂ ಸೇರಿ ತೀರಿಸುತ್ತಿದ್ದಾರೆ. ಎರಡನೆಯ ವರ್ಷದ ಶುಲ್ಕಕ್ಕೆ ಹೊಸ ಅರ್ಜಿಯನ್ನು, ಈ ಬಾರಿ ಬರಗಾಲದ ವಿವರವನ್ನೂ ಟ್ಯಾಂಕರಿನ ರಸೀದಿಗಳನ್ನೂ ಲಗತ್ತಿಸಿ, ನಮ್ಮ ಕಚೇರಿಯ ಮೇಜಿನ ಮೇಲೆಯೇ ಬರೆದಿದ್ದೇವೆ. ಬರುವ ಜನವರಿಯ ಎರಡನೆಯ ಭಾನುವಾರ ಬಲಿಪೂಜೆಯ ಅನಂತರ ಧರ್ಮಕೇಂದ್ರದ ಸಭಾಂಗಣದಲ್ಲಿ ಇಂಥ ವರದಿಗಳನ್ನು ತೆಗೆದು ಓದಿ ಹೇಳಲು ನಿವೃತ್ತ ಬ್ಯಾಂಕ್ ನೌಕರರಿಬ್ಬರು ಒಪ್ಪಿದ್ದಾರೆ. ಬರುವವರು ಆಧಾರ್, ಪ್ಯಾನ್ ಕಾರ್ಡ್ ಮತ್ತು ಬ್ಯಾಂಕಿಗೆ ಕೊಟ್ಟಿರುವ ಸಂಖ್ಯೆಯ ಮೊಬೈಲನ್ನು ತಪ್ಪದೆ ತರಬೇಕು. ಯಾವ ಸಭೆಯವರು, ಯಾವ ಧರ್ಮದವರು ಎಂದು ಕೇಳುವುದಿಲ್ಲ.